ಡಿಜಿಟಲ್ ಸಮಾಜದ ಅಧ್ಯಯನ: ಮೈಸೂರು, ಮಂಡ್ಯದವರು ಯಾವ ವಿಭಾಗ ಸೇರಬೇಕು?

ಮೊಬೈಲು, ಆಧಾರ್, ಜಾಲತಾಣ, ಎಐ ಇವೆಲ್ಲ ಜನರ ಬದುಕನ್ನು ಏನು ಮಾಡುತ್ತಿವೆ ಎಂದು ಗಂಭೀರವಾಗಿ ಓದಲು ಹೊರಟ ಪದವೀಧರರಿಗೆ ಮೈಸೂರು ವಿವಿಯ ಆವರಣವಾದ ಮಾನಸಗಂಗೋತ್ರಿಯ ಪ್ರವೇಶ ಪ್ರಕಟಣೆಯಲ್ಲಿ ಆ ಹೆಸರಿನ ಕೋರ್ಸು ಸಿಗುವುದಿಲ್ಲ. ಹಾಗೆಂದು ಓದಲು ಜಾಗವೇ ಇಲ್ಲ ಎಂದಲ್ಲ. ಸಮಾಜಶಾಸ್ತ್ರ, ಪತ್ರಿಕೋದ್ಯಮ, ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ, ಕಾನೂನು, ಸಮಾಜಕಾರ್ಯ, ಕಂಪ್ಯೂಟರ್ ಸೈನ್ಸ್ ಎಲ್ಲದರಲ್ಲೂ ಅದರ ಒಂದೊಂದು ತುಂಡು ಇದೆ. ಕೋರ್ಸಿನ ಹೆಸರಲ್ಲಿ 'ಡಿಜಿಟಲ್' ಇದೆಯೇ ಎಂದು ಹುಡುಕುವುದಕ್ಕಿಂತ ಎರಡು ಸಂಗತಿ ತೀರ್ಮಾನಿಸಿಕೊಂಡು ಅರ್ಜಿ ಹಾಕುವುದು ಮೇಲು. ಒಂದು, ಎರಡು ವರ್ಷ ಯಾವುದರ ಜೊತೆ ಏಗಲು ನಿಮಗೆ ಬೇಸರವಿಲ್ಲ: ಜನರ ಮಾತೋ, ಸುದ್ದಿಯೋ, ದಾಖಲೆಯೋ, ಕಾಯ್ದೆಯೋ, ಕೋಡೋ? ಎರಡು, ಓದು ಮುಗಿದ ಮೇಲೆ ಯಾವ ಪರೀಕ್ಷೆಗೆ ಕೂರುತ್ತೀರಿ?

ಒಂದೇ ಪ್ರಶ್ನೆಯನ್ನು ಎಲ್ಲ ವಿಭಾಗಗಳ ಮುಂದೆ ಇಟ್ಟರೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿದ್ದು ಮೈಸೂರಿನಲ್ಲೇ, 2023ರ ಆಗಸ್ಟ್ 30ರಂದು. ಮನೆ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ಹೆಣ್ಣುಮಗಳಿಗೆ ಆ ಹಣ ಬರುತ್ತಿಲ್ಲ ಎಂದಿಟ್ಟುಕೊಳ್ಳಿ. ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಅತ್ತೆಯ ಹೆಸರೇ ಉಳಿದಿರಬಹುದು. ಆಧಾರ್‌ನಲ್ಲೊಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇರಬಹುದು. ಎನ್‌ಪಿಸಿಐ ಮ್ಯಾಪರ್ (ಯಾರ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬ ದಾಖಲೆ) ಕೊನೆಗೆ ಜೋಡಣೆಯಾದ ಬ್ಯಾಂಕನ್ನೇ ಹಿಡಿದುಕೊಳ್ಳುವುದರಿಂದ ಹಣ ಆಕೆ ಮರೆತೇಬಿಟ್ಟ ಇನ್ನೊಂದು ಖಾತೆಗೆ ಹೋಗುತ್ತಿರಬಹುದು. ಗಂಡನ ಹೆಸರಲ್ಲಿ ಜಿಎಸ್‌ಟಿ ನೋಂದಣಿ ಇದೆಯೆಂದು ಕಂಪ್ಯೂಟರು ಅರ್ಜಿಯನ್ನೇ ಬದಿಗೆ ತಳ್ಳಿರಬಹುದು.

ಸಮಾಜಶಾಸ್ತ್ರ

ಸಮಾಜಶಾಸ್ತ್ರದವರು ಮೊದಲು ಕೇಳುವುದು ಮ್ಯಾಪರ್ ಬಗ್ಗೆ ಅಲ್ಲ. ಆ ಮನೆಯಲ್ಲಿ ಫೋನು ಯಾರ ಕೈಯಲ್ಲಿದೆ, ಓಟಿಪಿ ಬಂದರೆ ಓದಿ ಹೇಳುವವರು ಯಾರು, ಗ್ರಾಮ ಒನ್ ಕೇಂದ್ರದವನಿಗೂ ಆಕೆಗೂ ನಡುವೆ ಜಾತಿ, ಸಾಲ, ನೆಂಟಸ್ತಿಕೆ ಹೇಗಿದೆ ಎಂಬುದು ಅವರ ಕುತೂಹಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಹೆಂಗಸರು ಶೇ 33.3, ಗಂಡಸರು ಶೇ 57.1. ಈ ಅಂತರ ಒಂದು ಬೀದಿಯಲ್ಲಿ, ಒಂದು ಮನೆಯೊಳಗೆ ಹೇಗೆ ನಡೆಯುತ್ತದೆ ಎಂದು ನೋಡುವ ತರಬೇತಿ ಬೇಕಿದ್ದರೆ ಈ ವಿಭಾಗವೇ ಸರಿ.

ತಂತ್ರಜ್ಞಾನದಿಂದ ಸಮಾಜ ಹೇಗೆ ಬದಲಾಗುತ್ತದೆ ಎಂಬ ಅಧ್ಯಯನ ಈ ಸೀಮೆಗೆ ಹೊಸದೂ ಅಲ್ಲ. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ ಮಂಡ್ಯ ಹತ್ತಿರದ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದರ ಜಮೀನು ಒಣಭೂಮಿಯಾಗಿಯೇ ಉಳಿದಿತ್ತು. ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಅಲ್ಲಿ ಕಂಡದ್ದು ಬೇರೆ: ನೀರಾವರಿಯ ಊರು ಬೇಸಾಯದಲ್ಲೇ ಬೇರೂರಿ ಹಳೆಯ ಸಾಮಾಜಿಕ ಕಟ್ಟನ್ನು ಬಹುಮಟ್ಟಿಗೆ ಉಳಿಸಿಕೊಂಡಿತು, ಒಣಭೂಮಿಯ ಊರಿನವರು ಹೊರಗಿನ ಕೆಲಸ, ವ್ಯಾಪಾರಗಳಿಗೆ ಕೈಹಾಕಿ ಅಲ್ಲಿನ ಸಂಬಂಧಗಳೇ ಬದಲಾದವು. ಆ್ಯಪು ಬಂದ ಊರು, ಬಾರದ ಊರು ಎಂದು ಹೋಲಿಸಲು ಹೊರಡುವವರು ಈ ಅಧ್ಯಯನದ ವಿನ್ಯಾಸವನ್ನು ಮೊದಲು ಓದಿಕೊಳ್ಳಬೇಕು. ಕೆಆರ್‌ಎಸ್ ನಾಲೆಯ ಬಗ್ಗೆ ಕೇಳಬಹುದಾದ ಪ್ರಶ್ನೆಯನ್ನು ಬೆಳೆ ಸಮೀಕ್ಷೆ ಆ್ಯಪಿನ ಬಗ್ಗೆಯೂ ಕೇಳಬಹುದು.

ತೊಡಕು ಏನೆಂದರೆ, ಎರಡು ವರ್ಷದ ಎಂ.ಎ.ಯಲ್ಲಿ ಹೆಚ್ಚಿನ ಸಮಯ ಮಾರ್ಕ್ಸ್, ವೆಬರ್, ಡರ್ಕ್‌ಹೈಮ್, ಭಾರತೀಯ ಸಮಾಜ, ಸಂಶೋಧನಾ ವಿಧಾನಗಳಿಗೇ ಹೋಗುತ್ತದೆ. ಅಲ್ಗಾರಿದಮ್, ಪ್ಲಾಟ್‌ಫಾರಂ ಕೆಲಸ, ದತ್ತಾಂಶ ರಾಜಕಾರಣ ಇವನ್ನು ಓಪನ್ ಎಲೆಕ್ಟಿವ್‌ನಲ್ಲೋ ಕಿರುಪ್ರಬಂಧದಲ್ಲೋ ನೀವೇ ತಂದುಕೊಳ್ಳಬೇಕು. ಬುನಾದಿ ಗಟ್ಟಿಯಾಗುವ ಲಾಭವಿರುವುದರಿಂದ ಇದನ್ನು ದೊಡ್ಡ ಕೊರತೆ ಎನ್ನಲಾಗದು. ಪಠ್ಯಕ್ರಮದಲ್ಲಿರುವ ಆ್ಯಪು ನೀವು ಪಾಸಾಗುವ ಹೊತ್ತಿಗೆ ಹಳತಾಗಿರುತ್ತದೆ, ವೆಬರ್ ಹಳತಾಗುವುದಿಲ್ಲ.

ಪತ್ರಿಕೋದ್ಯಮ ಮತ್ತು ಸಂವಹನ

ಮೈಸೂರಿನಲ್ಲಿ ಪತ್ರಿಕೋದ್ಯಮದ ಬೋಧನೆ 1951ರಲ್ಲೇ ಮಹಾರಾಜ ಕಾಲೇಜಿನಲ್ಲಿ ಶುರುವಾಯಿತು. ಇಲ್ಲಿ ಮೇಲಿನ ಪ್ರಶ್ನೆ ತಿರುಗಿ ಹೀಗಾಗುತ್ತದೆ: 'ಗೃಹಲಕ್ಷ್ಮಿ ನಿಂತುಹೋಯಿತಂತೆ' ಎಂಬ ವಾಟ್ಸ್‌ಆ್ಯಪ್ ಸಂದೇಶ ಹೊರಟದ್ದೆಲ್ಲಿಂದ, ಯಾರು ನಂಬಿದರು, ಸ್ಥಳೀಯ ಯೂಟ್ಯೂಬ್ ಚಾನೆಲ್‌ಗಳು ಅದನ್ನು ಹೇಗೆ ತೋರಿಸಿದವು? ಸುಳ್ಳುಸುದ್ದಿ, ಚುನಾವಣಾ ಪ್ರಚಾರ, ಟ್ರೋಲ್, ಸುದ್ದಿಮನೆಯೊಳಗೆ ಎಐ ಬಳಕೆ ಇವುಗಳಲ್ಲಿ ಆಸಕ್ತಿಯಿದ್ದವರಿಗೆ ಸಮಾಜಶಾಸ್ತ್ರಕ್ಕಿಂತ ಇದೇ ಹತ್ತಿರ. ಬರೆಯುವ, ವಿಡಿಯೊ ಕತ್ತರಿಸುವ ಕೆಲಸವೂ ಕೈಗೆ ಹತ್ತುತ್ತದೆ. ಸಂಶೋಧನೆಯೇ ಬೇಡವೆನಿಸಿದರೂ ಹೊಟ್ಟೆಪಾಡಿಗೆ ದಾರಿಯಿದೆ.

ಜಾಲತಾಣದ ಮೇಲೆ ಪ್ರಬಂಧ ಬರೆಯಲು ಇಲ್ಲಿಗೆ ಬರುವವರು ಒಂದು ಬದಲಾವಣೆ ಗಮನಿಸಬೇಕು. ಟ್ವಿಟರ್, ಅಂದರೆ ಈಗಿನ ಎಕ್ಸ್, ಸಂಶೋಧಕರಿಗೆ ಉಚಿತವಾಗಿ ಕೊಡುತ್ತಿದ್ದ ಎಪಿಐಯನ್ನು, ಅಂದರೆ ಪ್ರೋಗ್ರಾಂ ಮೂಲಕ ದತ್ತಾಂಶ ಪಡೆಯುವ ಕೊಂಡಿಯನ್ನು, 2023ರಲ್ಲಿ ನಿಲ್ಲಿಸಿತು. ಫೇಸ್‌ಬುಕ್ ಪುಟಗಳ ದತ್ತಾಂಶಕ್ಕೆ ಎಲ್ಲರೂ ನೆಚ್ಚಿದ್ದ ಕ್ರೌಡ್‌ಟ್ಯಾಂಗಲ್ 2024ರ ಆಗಸ್ಟ್ 14ರಂದು ಮುಚ್ಚಿತು. ಹಾಗಾಗಿ 'ಹತ್ತು ಸಾವಿರ ಟ್ವೀಟ್‌ಗಳ ವಿಶ್ಲೇಷಣೆ' ಎಂಬ ಹಳೆಯ ಪ್ರಬಂಧದ ಮಾದರಿ ಈಗ ಖರ್ಚಿಲ್ಲದೆ ಕೈಗೂಡುವುದಿಲ್ಲ. ವಿದ್ಯಾರ್ಥಿಗೆ ಉಳಿದಿರುವ ಸುಲಭದ ದಾರಿ ಯೂಟ್ಯೂಬ್. ಅದರ ಎಪಿಐ ದಿನಕ್ಕೆ 10,000 ಯೂನಿಟ್‌ವರೆಗೆ ಉಚಿತ. ಒಂದು ಹುಡುಕಾಟಕ್ಕೆ 100 ಯೂನಿಟ್ ಖರ್ಚಾಗುತ್ತದೆ, ಕಾಮೆಂಟುಗಳ ಒಂದು ಪುಟ ತರಲು 1 ಯೂನಿಟ್ ಸಾಕು. ಆದ್ದರಿಂದ ವಿಡಿಯೊಗಳ ಪಟ್ಟಿಯನ್ನು ಕೈಯಲ್ಲೇ ಮಾಡಿಕೊಂಡು ಎಪಿಐಯನ್ನು ಕಾಮೆಂಟಿಗೆ ಮಾತ್ರ ಬಳಸಿದರೆ ಜಿಲ್ಲಾಮಟ್ಟದ ಸುದ್ದಿ ಚಾನೆಲ್‌ಗಳ ಅಧ್ಯಯನ ಆರಾಮವಾಗಿ ಆಗುತ್ತದೆ. ಕನ್ನಡದ ಕಾಮೆಂಟುಗಳಲ್ಲಿ ಬಹಳಷ್ಟು ಇಂಗ್ಲಿಷ್ ಲಿಪಿಯಲ್ಲೇ ಇರುವುದರಿಂದ ಭಾವನೆ ಅಳೆಯುವ ಸಿದ್ಧ ಸಾಫ್ಟ್‌ವೇರ್ ಅಲ್ಲಿ ಕೈಕೊಡುತ್ತದೆ. ಕೂತು ಓದಿ ಒಂದೊಂದನ್ನೂ ಕೈಯಾರೆ ವಿಂಗಡಿಸುವುದೇ ನಂಬಿಕೆಯ ದಾರಿ.

ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ

ಡಿಜಿಟಲ್ ಸಮಾಜ ಎಂದಾಗ ಯಾರಿಗೂ ಮೊದಲು ನೆನಪಾಗದ ವಿಭಾಗ ಇದು. ನಮ್ಮ ಅಭಿಪ್ರಾಯದಲ್ಲಿ ಅನ್ಯಾಯವಾಗಿ ಹಿಂದೆ ಬಿದ್ದಿರುವುದೂ ಇದೇ. 'ಮಾಹಿತಿ'ಯನ್ನೇ ವಿಷಯವಾಗಿಟ್ಟುಕೊಂಡ ಶಿಸ್ತು ವಿಶ್ವವಿದ್ಯಾಲಯದಲ್ಲಿ ಇದೊಂದೇ. ಮಳವಳ್ಳಿಯ ಆ ಹೆಣ್ಣುಮಗಳ ಪ್ರಶ್ನೆಯನ್ನು ಇವರು ಹೀಗೆ ನೋಡುತ್ತಾರೆ: ಆಕೆಗೆ ಬೇಕಾದ ಮಾಹಿತಿ ಯಾವ ದಾಖಲೆಯಲ್ಲಿ, ಯಾವ ರೂಪದಲ್ಲಿ ಇದೆ? ಅದು ಆಕೆಯವರೆಗೆ ತಲುಪುವ ಕೊಂಡಿ ಎಲ್ಲಿ ಕಡಿದಿದೆ? ಒಂದೇ ವ್ಯಕ್ತಿಯ ಹೆಸರು ಮೂರು ದತ್ತಸಂಚಯಗಳಲ್ಲಿ ಮೂರು ಕಾಗುಣಿತದಲ್ಲಿದ್ದರೆ ಅದನ್ನು ಒಂದೇ ಎಂದು ಗುರುತಿಸುವುದು ಹೇಗೆ? ಈ ಕೊನೆಯ ಪ್ರಶ್ನೆ ಗ್ರಂಥಾಲಯದವರು ಲೇಖಕರ ಹೆಸರಿನ ವಿಚಾರದಲ್ಲಿ ಬಹಳ ಕಾಲದಿಂದ ಬಿಡಿಸುತ್ತ ಬಂದಿರುವ ಗಂಟು.

ಊರಿಗೆ ಹತ್ತಿರದ ಕ್ಷೇತ್ರವೂ ಇವರಿಗಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳಾಗಿ ಹಲವೆಡೆ ಕಂಪ್ಯೂಟರು, ಇಂಟರ್ನೆಟ್ಟು ಬಂದಿವೆ. ಯಾವ ವಯಸ್ಸಿನವರು ಬರುತ್ತಾರೆ, ಹೆಣ್ಣುಮಕ್ಕಳು ಎಷ್ಟು ಹೊತ್ತು ಕೂರುತ್ತಾರೆ, ಕರೆಂಟು ಹೋದಾಗ ಏನಾಗುತ್ತದೆ ಎಂದು ಮದ್ದೂರು ತಾಲ್ಲೂಕಿನ ನಾಲ್ಕಾರು ಕೇಂದ್ರಗಳಲ್ಲಿ ಒಂದು ತಿಂಗಳು ನೋಡಿ ಬರೆದರೂ ಓದುವಂಥ ಪ್ರಬಂಧವಾಗುತ್ತದೆ. ಆದರೆ ವರ್ಗೀಕರಣ, ಸೂಚೀಕರಣದ ಪತ್ರಿಕೆಗಳನ್ನು ತಪ್ಪಿಸಿಕೊಳ್ಳುವಂತಿಲ್ಲ. ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಡ್ಯೂಯಿ ಸಂಖ್ಯೆಗಳನ್ನು ಕಟ್ಟುವ ತಾಳ್ಮೆ ಇಲ್ಲದವರು ಇಲ್ಲಿ ಒದ್ದಾಡುತ್ತಾರೆ. ಕಾಲೇಜು ಗ್ರಂಥಪಾಲಕರ ಹುದ್ದೆಗಳು ಈ ವಿಷಯದವರಿಗಷ್ಟೇ ಮೀಸಲು. ಎಂ.ಎ. ಸಮಾಜಶಾಸ್ತ್ರದ ಸ್ಪರ್ಧೆ ನೋಡಿದವರಿಗೆ ಇದರ ಬೆಲೆ ಬೇಗ ಗೊತ್ತಾಗುತ್ತದೆ.

ಕಾನೂನು, ಸಮಾಜಕಾರ್ಯ, ಕಂಪ್ಯೂಟರ್

ಇವು ಮೂರೂ ಒಳ್ಳೆಯ ದಾರಿಗಳೇ, ಆದರೆ ಎಲ್ಲರಿಗಲ್ಲ.

ಪದವಿ ಆದವರಿಗೆ ಎಲ್‌ಎಲ್‌.ಬಿ. ಮೂರು ವರ್ಷ. ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಶೇ 45, ಪರಿಶಿಷ್ಟರಿಗೆ ಶೇ 40 ಅಂಕ ಬೇಕು. ದೂರಶಿಕ್ಷಣದಲ್ಲಿ ಎಲ್‌ಎಲ್‌.ಬಿ. ಮಾಡಲು ಬಾರ್ ಕೌನ್ಸಿಲ್ ಒಪ್ಪುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ, ಆಕ್ಷೇಪಾರ್ಹ ಆನ್‌ಲೈನ್ ಸಂದೇಶಕ್ಕೆ ಶಿಕ್ಷೆ ವಿಧಿಸುತ್ತಿದ್ದ ಅದರ 66ಎ ಕಲಮನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿದ 2015ರ ತೀರ್ಪು, ಖಾಸಗಿತನ ಮೂಲಭೂತ ಹಕ್ಕೆಂದ 2017ರ ಆಗಸ್ಟ್ 24ರ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ: ಈ ವಿಷಯದ ಬೆನ್ನೆಲುಬು ಇವು. 2017ರ ಪ್ರಕರಣದ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಹಣ ಬಾರದ ಹೆಣ್ಣುಮಗಳಿಗೆ ಕಾರಣ ಕೇಳುವ ಹಕ್ಕಿದೆಯೇ, ಉತ್ತರ ಕೊಡಬೇಕಾದವರು ಯಾರು ಎಂಬುದು ನಿಮ್ಮನ್ನು ಕಾಡುವ ಪ್ರಶ್ನೆಯಾದರೆ ಕಾನೂನೇ ಸರಿ. ಆದರೆ ಮೂರು ವರ್ಷದಲ್ಲಿ ಸೈಬರ್ ಕಾನೂನಿಗೆ ಸಿಗುವುದು ಸಣ್ಣ ಪಾಲು, ಉಳಿದದ್ದು ಕರಾರು, ಆಸ್ತಿ, ಅಪರಾಧ, ಪ್ರಕ್ರಿಯೆ.

ಸಮಾಜಕಾರ್ಯದಲ್ಲಿ ಕ್ಷೇತ್ರಕಾರ್ಯವೇ ಪಠ್ಯದ ಜೀವ. ಆಕೆಯನ್ನು ಬ್ಯಾಂಕಿಗೆ ಕರೆದೊಯ್ದು ಮ್ಯಾಪಿಂಗ್ ಸರಿಪಡಿಸಿಸುವ ಕೆಲಸ ಇಷ್ಟವಾಗುವವರು ಇದನ್ನು ಆರಿಸಲಿ. ಸಿದ್ಧಾಂತ ಬೇಕೆನ್ನುವವರಿಗೆ ಇದು ಸಾಲದು.

ಬಿಸಿಎ, ಬಿಇ ಮುಗಿಸಿದವರು ಎಂಸಿಎ ಅಥವಾ ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಮಾಡುತ್ತಲೇ ಸಮಾಜದ ಕಡೆ ತಿರುಗಬಹುದು. ಹೆಸರು ಹೊಂದಾಣಿಕೆಯ ಪ್ರೋಗ್ರಾಂ ಎಷ್ಟು ಸಲ ತಪ್ಪುತ್ತದೆ, ಯಾವ ಸಮುದಾಯದ ಹೆಸರುಗಳಲ್ಲಿ ಹೆಚ್ಚು ತಪ್ಪುತ್ತದೆ ಎಂದು ಅಳೆಯುವುದು ಅವರಿಗೇ ಸಾಧ್ಯ. ಜೊತೆಗೆ ಮಾನಸಗಂಗೋತ್ರಿಯಲ್ಲೇ 1969ರಿಂದ ಇರುವ ಭಾರತೀಯ ಭಾಷಾ ಸಂಸ್ಥಾನ ಮೈಸೂರಿನವರಿಗೆ ಸಿಕ್ಕ ದೊಡ್ಡ ಅನುಕೂಲ. ಭಾರತೀಯ ಭಾಷೆಗಳ ಪಠ್ಯ ಮತ್ತು ಧ್ವನಿ ದತ್ತಾಂಶ ಸಂಗ್ರಹಿಸುವ ಎಲ್‌ಡಿಸಿ-ಐಎಲ್ ಅಲ್ಲೇ ಇದೆ. ಕನ್ನಡ ಎಐಗೆ ಯಾರ ಕನ್ನಡ ಹೋಗುತ್ತಿದೆ, ಮಂಡ್ಯದ ಮಾತು ಅದರಲ್ಲಿದೆಯೇ ಎಂಬ ಪ್ರಶ್ನೆ ಹಿಡಿದವರು ಭಾಷಾವಿಜ್ಞಾನದ ಕಡೆಗೂ ಒಮ್ಮೆ ನೋಡಬಹುದು.

ನೆಟ್ ಪಟ್ಟಿ ನೋಡದೆ ಅರ್ಜಿ ಹಾಕಬೇಡಿ

ಅಧ್ಯಾಪಕರಾಗುವ, ಪಿಎಚ್‌.ಡಿ.ಗೆ ಫೆಲೋಶಿಪ್ ಪಡೆಯುವ ಆಸೆಯಿದ್ದರೆ ಆಯ್ಕೆಯ ಅರ್ಧ ಭಾಗ ಇಲ್ಲೇ ಮುಗಿಯುತ್ತದೆ. ಅಧ್ಯಾಪಕ ಅರ್ಹತೆಯ ರಾಷ್ಟ್ರೀಯ ಪರೀಕ್ಷೆಯಾದ ಯುಜಿಸಿ ನೆಟ್ ವಿಷಯಗಳ ಪಟ್ಟಿಯಲ್ಲಿ ಸಮಾಜಶಾಸ್ತ್ರ, ಸಮೂಹ ಸಂವಹನ ಮತ್ತು ಪತ್ರಿಕೋದ್ಯಮ, ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ, ಸಮಾಜಕಾರ್ಯ, ಕಾನೂನು, ಕಂಪ್ಯೂಟರ್ ಸೈನ್ಸ್ ಇವೆ. 'ಡಿಜಿಟಲ್ ಸಮಾಜ' ಇಲ್ಲ. ಪಟ್ಟಿಯಲ್ಲಿಲ್ಲದ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಹತ್ತಿರದ ವಿಷಯದಲ್ಲಿ ಪರೀಕ್ಷೆ ಬರೆಯಬಹುದು, ಅದಕ್ಕೆ ಅಡ್ಡಿಯಿಲ್ಲ. ಕಷ್ಟ ಬರುವುದು ನೇಮಕಾತಿಯಲ್ಲಿ. ಸಮಾಜಶಾಸ್ತ್ರದ ಹುದ್ದೆಗೆ ನಿಮ್ಮ ಪದವಿ 'ಸಂಬಂಧಿತ ವಿಷಯ' ಹೌದೋ ಅಲ್ಲವೋ ಎಂದು ದಾಖಲೆ ಪರಿಶೀಲನೆಯ ಮೇಜಿನಲ್ಲಿ ವಾದಿಸುವ ಸ್ಥಿತಿ ಬರಬಾರದು. ಪದವಿಗೆ ಹಳೆಯ ಹೆಸರಿರಲಿ, ಹೊಸತನ ಪ್ರಬಂಧದಲ್ಲಿರಲಿ.

ನೆಟ್‌ಗೆ ಸ್ನಾತಕೋತ್ತರದಲ್ಲಿ ಶೇ 55 ಬೇಕು, ಮೀಸಲು ವರ್ಗಗಳಿಗೆ ಶೇ 50. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಹೆಚ್ಚು ಅನುಕೂಲ, ಸಮಾಜಶಾಸ್ತ್ರದಂಥ ವಿಷಯಗಳಲ್ಲಿ ಪ್ರಶ್ನೆಗಳು ಕನ್ನಡದಲ್ಲೂ ಇರುತ್ತವೆ. ಆದರೆ ಕೆ-ಸೆಟ್‌ನಿಂದ ಅಧ್ಯಾಪಕ ಅರ್ಹತೆ ಸಿಗುತ್ತದೆಯೇ ಹೊರತು ಫೆಲೋಶಿಪ್ ಸಿಗುವುದಿಲ್ಲ.

ಬೆಂಗಳೂರೋ, ಮೈಸೂರೋ, ಮುಕ್ತಗಂಗೋತ್ರಿಯೋ

ಹೆಸರಿಗೆ ತಕ್ಕ ಕೋರ್ಸೇ ಬೇಕೆಂದರೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಐಐಐಟಿ, ಎಂ.ಎಸ್ಸಿ. ಡಿಜಿಟಲ್ ಸೊಸೈಟಿ ಎಂಬ ಎರಡು ವರ್ಷದ ಪದವಿಯನ್ನು ರೂಪಿಸಿದೆ. ತಂತ್ರಜ್ಞಾನ, ಸಮಾಜವಿಜ್ಞಾನ, ನೀತಿ ಮೂರನ್ನೂ ಒಂದೇ ಸೂರಿನಡಿ ಕಲಿಸುವುದು ಅದರ ಉದ್ದೇಶ. ನೀವು ಸೇರುವ ವರ್ಷ ಪ್ರವೇಶ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ರಾಷ್ಟ್ರೀಯ ಕಾನೂನು ಶಾಲೆಯ ಸಾರ್ವಜನಿಕ ನೀತಿ ಸ್ನಾತಕೋತ್ತರ ಪದವಿಯೂ ಈ ಸಾಲಿನದೇ. ಶುಲ್ಕ ಲಕ್ಷಗಳಲ್ಲಿ, ಮೇಲೆ ಹಾಸ್ಟೆಲ್ಲು. ಮೈಸೂರಿನಿಂದ ಸುಮಾರು 140 ಕಿ.ಮೀ., ದಿನಾ ಓಡಾಡುವ ಮಾತಿಲ್ಲ. ಸರ್ಕಾರೇತರ ಸಂಸ್ಥೆ, ನೀತಿ ಸಂಶೋಧನಾ ಗುಂಪು, ಕಂಪನಿಗಳ ಬಳಕೆದಾರ ಸಂಶೋಧನೆ ಇಂಥ ಕೆಲಸ ಬೇಕೆನ್ನುವವರಿಗೆ ಆ ಖರ್ಚು ಹುಟ್ಟೀತು. ಸರ್ಕಾರಿ ಕಾಲೇಜಿನ ಅಧ್ಯಾಪಕ ಹುದ್ದೆಯ ಮೇಲೆ ಕಣ್ಣಿದ್ದವರಿಗೆ ಹುಟ್ಟುವುದಿಲ್ಲ.

ಕೆಲಸದಲ್ಲಿರುವವರಿಗೆ ಮುಕ್ತಗಂಗೋತ್ರಿಯ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ನೀವು ಸೇರುವ ವರ್ಷ, ನೀವು ಸೇರುವ ಕೋರ್ಸಿಗೆ ಯುಜಿಸಿ ದೂರಶಿಕ್ಷಣ ಮಂಡಳಿಯ ಮಾನ್ಯತೆ ಇದೆಯೇ ಎಂದು ಮಂಡಳಿಯ ಜಾಲತಾಣದಲ್ಲೇ ನೋಡಿ. ಆ ಮಂಡಳಿಯ ಡೆಬ್ (ಡಿಇಬಿ) ಐಡಿ ಇಲ್ಲದೆ ಈಗ ಪ್ರವೇಶ ಆಗುವುದಿಲ್ಲ. ಮುಕ್ತ ವಿವಿ ಮಾನ್ಯತೆ ಕಳೆದುಕೊಂಡು 2018ರಲ್ಲಿ ಮತ್ತೆ ಪಡೆದ ಪ್ರಸಂಗದಿಂದ ಎಷ್ಟು ಪದವಿಗಳು ತೂಗುಯ್ಯಾಲೆಯಲ್ಲಿ ಬಿದ್ದವೆಂಬುದು ಈ ಭಾಗದವರಿಗೆ ಹೊಸದಾಗಿ ಹೇಳಬೇಕಿಲ್ಲ. 2022ರಿಂದ ಯುಜಿಸಿ ಎರಡು ಪದವಿಗಳನ್ನು ಏಕಕಾಲಕ್ಕೆ ಮಾಡಲು ಬಿಟ್ಟಿದೆ. ಹಾಗಾಗಿ ಮಾನಸಗಂಗೋತ್ರಿಯಲ್ಲಿ ಸಮಾಜಶಾಸ್ತ್ರ ಓದುತ್ತಲೇ ಮುಕ್ತ ವಿವಿಯಲ್ಲಿ ಗ್ರಂಥಾಲಯ ವಿಜ್ಞಾನ ಮಾಡುವುದು ಸಾಧ್ಯ. ನಾಲ್ಕನೇ ಸೆಮಿಸ್ಟರಿನ ಪ್ರಬಂಧ ಮತ್ತು ಅಲ್ಲಿನ ಪರೀಕ್ಷೆ ಒಂದೇ ತಿಂಗಳಿಗೆ ಬಿದ್ದರೆ ಮಾತ್ರ ಎರಡೂ ಕೆಡುತ್ತವೆ.

ಮಂಡ್ಯದವರಿಗೆ ಇನ್ನೊಂದು ಮಾತು. ಮಂಡ್ಯ ವಿಶ್ವವಿದ್ಯಾಲಯವನ್ನು ಮೈಸೂರು ವಿವಿಯೊಳಗೆ ವಿಲೀನಗೊಳಿಸುವ ವಿಚಾರ 2025ರಲ್ಲಿ ಸರ್ಕಾರದ ಮಟ್ಟದಲ್ಲೇ ಬಂದದ್ದು. ಪ್ರವೇಶಕ್ಕೆ ಮುಂಚೆ ಅಂಕಪಟ್ಟಿ ಯಾವ ವಿವಿಯ ಹೆಸರಲ್ಲಿ ಬರುತ್ತದೆ ಎಂದು ಲಿಖಿತವಾಗಿ ಕೇಳಿಕೊಳ್ಳಿ. ತೂಬಿನಕೆರೆಯ ಸ್ನಾತಕೋತ್ತರ ಕೇಂದ್ರವೂ ಇದೆ. ಬೇಕಾದ ವಿಷಯ ಹತ್ತಿರದಲ್ಲಿ ಸಿಗದಿದ್ದರೆ ಮಂಡ್ಯದಿಂದ ಮೈಸೂರಿಗೆ 45 ಕಿ.ಮೀ., ರೈಲಿನ ಪಾಸು ಮಾಡಿಸಿದರೆ ಬಸ್ಸಿಗಿಂತ ತೀರಾ ಅಗ್ಗ.

ಎಲ್ಲಿ ಸೇರಿದರೂ ಕೊರತೆ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ಸ್ವಯಂ ವೇದಿಕೆಯಲ್ಲಿ ಎನ್‌ಪಿಟಿಇಎಲ್ ಕೋರ್ಸುಗಳಿವೆ. ಓದು ಉಚಿತ, ಪ್ರಮಾಣಪತ್ರ ಬೇಕಾದರೆ ಪರೀಕ್ಷಾ ಶುಲ್ಕ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಎರಡರಲ್ಲೂ ಬೇರೆಬೇರೆಯಾಗಿ ಪಾಸಾಗಬೇಕು. ವಾರದ ಅಸೈನ್‌ಮೆಂಟ್ ಗಡುವುಗಳನ್ನು ತಪ್ಪಿಸಿಕೊಳ್ಳುತ್ತಲೇ ಹೋದವರು ಪರೀಕ್ಷೆ ಚೆನ್ನಾಗಿ ಬರೆದರೂ ಪ್ರಮಾಣಪತ್ರ ಕಳೆದುಕೊಳ್ಳುತ್ತಾರೆ.

ಪ್ರಬಂಧ ಕೆಡುವ ಜಾಗಗಳು

ಅತಿ ಸಾಮಾನ್ಯ ತಪ್ಪು: ಡಿಜಿಟಲ್ ಅಂತರದ ಅಧ್ಯಯನಕ್ಕೆ ಗೂಗಲ್ ಫಾರ್ಮ್ ಕಳಿಸುವುದು. ಫೋನಿಲ್ಲದವರು, ಫೋನಿದ್ದೂ ಓದಲು ಬಾರದವರು ಮೊದಲ ಹೆಜ್ಜೆಯಲ್ಲೇ ಹೊರಗುಳಿಯುತ್ತಾರೆ. ಉಳಿದವರಿಂದ 'ಶೇ 95ರಷ್ಟು ಜನ ಸ್ಮಾರ್ಟ್‌ಫೋನ್ ಬಳಸುತ್ತಾರೆ' ಎಂಬ ಉತ್ತರ ಬರುತ್ತದೆ. 384 ಜನರ ಮಾದರಿ ಸಾಕು ಎಂಬ ಸೂತ್ರವನ್ನೂ ಹೀಗೇ ದುರ್ಬಳಕೆ ಮಾಡುತ್ತಾರೆ. ದೊಡ್ಡ ಜನಸಂಖ್ಯೆಯಿಂದ ಯಾದೃಚ್ಛಿಕವಾಗಿ ಆರಿಸಿದರೆ ಮಾತ್ರ, ಶೇ 5ರ ತಪ್ಪಿನ ಮಿತಿಗೆ ಆ ಸಂಖ್ಯೆ ಹೊಂದುತ್ತದೆ. ಪರಿಚಯದ ವಾಟ್ಸ್‌ಆ್ಯಪ್ ಗುಂಪಿನ 384 ಜನರಿಗೆ ಅದು ಹೊಂದುವುದಿಲ್ಲ. ಪಡಿತರ ಚೀಟಿ ಅಥವಾ ಮತದಾರರ ಪಟ್ಟಿಯಿಂದ ಮನೆ ಆರಿಸಿ, ಕೋಬೋ ಟೂಲ್‌ಬಾಕ್ಸ್ ಎಂಬ ಸಮೀಕ್ಷಾ ಆ್ಯಪಿನಲ್ಲಿ ಕನ್ನಡದ ಪ್ರಶ್ನಾವಳಿ ಹಾಕಿಕೊಂಡು ಮನೆಗೇ ಹೋಗಿ. ನೆಟ್‌ವರ್ಕ್ ಇಲ್ಲದ ಕಡೆಯೂ ಅದು ಉತ್ತರ ಉಳಿಸಿಕೊಳ್ಳುತ್ತದೆ.

ಎರಡನೆಯದು 'ನುಡಿ' ತಂತ್ರಾಂಶದಲ್ಲಿ ಟೈಪಿಸಿದ ಕಡತಗಳು. ಸರ್ಕಾರಿ ಕಚೇರಿಗಳ ಹಳೆಯ ಕನ್ನಡ ಕಡತಗಳು ಹೆಚ್ಚಾಗಿ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿಲ್ಲ. ಪರದೆಯ ಮೇಲೆ ಕನ್ನಡದಂತೆ ಕಂಡರೂ ಹುಡುಕಿದರೆ ಏನೂ ಸಿಗುವುದಿಲ್ಲ, ನಕಲು ಮಾಡಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಚಿತ್ರದಿಂದ ಅಕ್ಷರ ಗುರುತಿಸುವ ಟೆಸರಾಕ್ಟ್ ಓಸಿಆರ್ ಕನ್ನಡವನ್ನು ಓದುತ್ತದೆ, ಒತ್ತಕ್ಷರಗಳಲ್ಲಿ ತಪ್ಪುತ್ತದೆ. ಹತ್ತು ಪುಟ ಕೈಯಲ್ಲಿ ತಾಳೆ ನೋಡದೆ ಮುಂದೆ ಹೋಗಬೇಡಿ.

ಒಪ್ಪಿಗೆಯ ವಿಷಯದಲ್ಲೂ ಹಗುರವಾಗಿ ನಡೆಯಬೇಡಿ. ನೀವು ಸದಸ್ಯರಾಗಿರುವ ವಾಟ್ಸ್‌ಆ್ಯಪ್ ಗುಂಪಿನ ಮಾತುಗಳನ್ನು ಗುಂಪಿನವರ ಒಪ್ಪಿಗೆಯಿಲ್ಲದೆ ಪ್ರಬಂಧಕ್ಕೆ ಎತ್ತಿಕೊಳ್ಳುವಂತಿಲ್ಲ. 2023ರ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದ್ದರೂ ಅದು ಷರತ್ತುಬದ್ಧ. ಆ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು; ಪಿಯುಸಿ ವಿದ್ಯಾರ್ಥಿಗಳ ಇನ್‌ಸ್ಟಾಗ್ರಾಂ ಬಳಕೆ ಎಂಬ ಜನಪ್ರಿಯ ವಿಷಯ ಆರಿಸುವವರು ಪೋಷಕರ ಸಹಿ ತರುವ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸರ್ಕಾರಿ ಅಂಕಿಅಂಶ ಬೇಕಾದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಫಲಾನುಭವಿಗಳ ಹೆಸರು ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ವಾಪಸ್ ಬರುತ್ತದೆ. ತಾಲ್ಲೂಕಿನಲ್ಲಿ ಎಷ್ಟು ಅರ್ಜಿ ತಿರಸ್ಕೃತ, ಯಾವ ಕಾರಣಕ್ಕೆ ಎಷ್ಟು, ತಿಂಗಳುವಾರು ಎಂದು ಸಂಖ್ಯೆಯನ್ನಷ್ಟೇ ಕೇಳಿ. ಉತ್ತರಕ್ಕೆ 30 ದಿನ, ಬಾರದಿದ್ದರೆ ಮೊದಲ ಮೇಲ್ಮನವಿಗೆ ಇನ್ನೂ 30ರಿಂದ 45 ದಿನ. ನಾಲ್ಕನೇ ಸೆಮಿಸ್ಟರಿನಲ್ಲಿ ಅರ್ಜಿ ಹಾಕಿದವರ ಕೈಗೆ ಉತ್ತರ ಬರುವ ಹೊತ್ತಿಗೆ ವೈವಾ ಮುಗಿದಿರುತ್ತದೆ. ಮೂರನೇ ಸೆಮಿಸ್ಟರಿನ ಮೊದಲ ವಾರದಲ್ಲೇ ಹಾಕಿ.

ಪ್ರವೇಶಕ್ಕೆ ಮುಂಚೆ ವಿಭಾಗಕ್ಕೆ ಹೋಗಿ ಕೇಳಬೇಕಾದ್ದು ಹೆಚ್ಚಿಲ್ಲ. ಕಿರುಪ್ರಬಂಧ ಕಡ್ಡಾಯವೋ ಐಚ್ಛಿಕವೋ? ಐಚ್ಛಿಕವಾದರೆ ಎಷ್ಟು ಜನ ನಿಜವಾಗಿ ಬರೆಯುತ್ತಾರೆ? ಬೇರೆ ವಿಭಾಗದ ಓಪನ್ ಎಲೆಕ್ಟಿವ್ ತೆಗೆದುಕೊಂಡರೆ ವೇಳಾಪಟ್ಟಿ ಹೊಂದುತ್ತದೆಯೇ? ಕಳೆದ ಎರಡು ಮೂರು ವರ್ಷದ ಪ್ರಬಂಧಗಳ ಶೀರ್ಷಿಕೆ ತೋರಿಸುತ್ತೀರಾ? ಕೊನೆಯ ಪ್ರಶ್ನೆಗೆ ಕಪಾಟು ತೆಗೆದು ತೋರಿಸುವ ವಿಭಾಗವನ್ನು ಆರಿಸಿಕೊಳ್ಳಿ. ಅಲ್ಲಿ ಒಬ್ಬ ಮಾರ್ಗದರ್ಶಕರಾದರೂ ಮೊಬೈಲು, ಆಧಾರ್, ಜಾಲತಾಣದ ಮೇಲೆ ಕೆಲಸ ಮಾಡಿಸಿದ್ದರೆ ಪಠ್ಯಕ್ರಮದಲ್ಲಿ ಆ ಪತ್ರಿಕೆ ಇಲ್ಲದಿದ್ದರೂ ನಡೆಯುತ್ತದೆ.